ಮೋಲಿ ಮೀನಿಗೆ ಬಿಳಿ ಚುಕ್ಕೆ ಬಂದಾಗ ನಾನು ಮಾಡಿದ್ದು

ಡಿಸೆಂಬರ್ ಚಳಿಯಲ್ಲಿ ನಮ್ಮ ಕಪ್ಪು ಮೋಲಿ ತೊಟ್ಟಿಯ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ಆಟ ಅಂದುಕೊಂಡು ಬಿಟ್ಟೆ. ಮೂರನೇ ದಿನ ಟಾರ್ಚ್ ಹಿಡಿದು ನೋಡಿದರೆ ಬಾಲ, ರೆಕ್ಕೆಗಳ ಮೇಲೆಲ್ಲ ಸಣ್ಣ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಕಿವಿರು ಬೇಗ ಬೇಗ ಬಡಿಯುತ್ತಿತ್ತು. ನೋಡಿ ತುಂಬಾ ಸಂಕಟವಾಯಿತು.

ಇದು ಇಕ್ ಎಂಬ ಪರೋಪಜೀವಿಯ ಕಾಟ. ಮೈಮೇಲೆ ಕಾಣುವ ಚುಕ್ಕೆಗೆ ಉಪ್ಪಾಗಲಿ ಔಷಧಿಯಾಗಲಿ ತಾಗುವುದಿಲ್ಲ. ಅದು ಉದುರಿ, ತಳದಲ್ಲಿ ಒಡೆದು, ನೂರಾರು ಮರಿಗಳಾಗಿ ನೀರಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಚುಕ್ಕೆ ಮಾಯವಾದ ಕೂಡಲೇ ಚಿಕಿತ್ಸೆ ನಿಲ್ಲಿಸಬಾರದು ಅನ್ನುವುದು ಅದಕ್ಕೇ.

ಹೀಟರ್ ಹಾಕಿ ದಿನಕ್ಕೆ ಒಂದೊಂದೇ ಡಿಗ್ರಿ ಏರಿಸಿ 24ರಿಂದ 29ಕ್ಕೆ ತಂದೆ. ಬೆಚ್ಚಗಿದ್ದಷ್ಟೂ ಅದರ ಜೀವನಚಕ್ರ ಬೇಗ ಮುಗಿಯುತ್ತದೆ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಏರ್ ಪಂಪ್ ಹಗಲು ರಾತ್ರಿ ಓಡಿತು. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ 40 ಲೀಟರಿಗೆ 80 ಗ್ರಾಂ ಕಲ್ಲುಪ್ಪನ್ನು ಕರಗಿಸಿ, ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಮೋಲಿಗೆ ಉಪ್ಪು ಒಗ್ಗುತ್ತದೆ. ಗಿಡ, ಬಸವನಹುಳು ಇದ್ದರೆ ಬೇರೆ ಕಡೆ ಇಡಿ, ಆದರೆ ಅವುಗಳ ಜೊತೆಗೂ ಇಕ್ ಬರಬಹುದು, ವಾಪಸ್ ಬಿಡಲು ಅವಸರ ಬೇಡ. ದಿನ ಬಿಟ್ಟು ದಿನ ತಳ ಹೀರಿ ಕಾಲು ಭಾಗ ನೀರು ಬದಲಿಸಿದೆ. ತೆಗೆದ ನೀರಿಗೆ ತಕ್ಕಷ್ಟೇ ಉಪ್ಪು ಮತ್ತೆ ಹಾಕಿದೆ, ಜಾಸ್ತಿ ಅಲ್ಲ.

ಎಂಟನೇ ದಿನ ಚುಕ್ಕೆ ಹೋದವು. ಇನ್ನೂ ಒಂದು ವಾರ ಹಾಗೇ ಮುಂದುವರಿಸಿದೆ. ಈಗ ಹೊಸ ಮೀನು ತಂದರೆ ಮೂರು ವಾರ ಬೇರೆ ಬಕೆಟ್ಟಿನಲ್ಲೇ, ಬಲೆಯೂ ಬೇರೆ.