ಕಣ್ಣಿನ ‘ಪರೀಕ್ಷೆ’ಗೆ ಓದಿಕೊಂಡು ಬರುವವರು

ಎಂಟು ವರ್ಷದ ಹುಡುಗ. ಬಲಗಣ್ಣು ಮುಚ್ಚಿಸಿದೆ. ಎಡಗಣ್ಣಲ್ಲಿ ಕೊನೇ ಸಾಲಿನವರೆಗೂ ಪಟಪಟ ಓದಿಬಿಟ್ಟ. ಯಾಕೋ ಅನುಮಾನ ಬಂತು. ಚಾರ್ಟ್ ಬದಲಿಸಿದೆ. ಮೂರನೇ ಸಾಲಿಗೇ ನಿಂತ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಬಾಗಿಲ ಸಂದಿಯಿಂದ ಚಾರ್ಟನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದನಂತೆ. “ಯಾಕೋ ಮರಿ?” ಅಂದೆ. “ಅಮ್ಮ ಪರೀಕ್ಷೆ ಅಂದ್ರು ಆಂಟಿ” ಅಂದ.

ನಾನು ಆಪ್ಟೋಮೆಟ್ರಿಸ್ಟ್. ಶಿವಮೊಗ್ಗ ಕಡೆಯ ಒಂದು ಊರಲ್ಲಿ ಹದಿನೇಳು ವರ್ಷದಿಂದ ಜನರ ಕಣ್ಣು ನೋಡಿ ನಂಬರ್ ತೆಗೆಯುತ್ತಿದ್ದೇನೆ. ಔಷಧಿ, ಆಪರೇಷನ್ ಎಲ್ಲ ಡಾಕ್ಟರದು. ಆದರೂ ಎಲ್ಲರಿಗೂ ನಾನು ‘ಡಾಕ್ಟ್ರಮ್ಮ’. ತಿದ್ದಿ ತಿದ್ದಿ ಸಾಕಾಗಿದೆ.

ಆ ಹುಡುಗನ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಎಸ್ಸೆಸ್ಸೆಲ್ಸಿಗೂ ಪರೀಕ್ಷೆ, ಕಣ್ಣಿಗೂ ಪರೀಕ್ಷೆ. ದೊಡ್ಡವರೂ ಪಾಸಾಗಲೆಂದೇ ಬರುತ್ತಾರೆ. ಅಜ್ಜಂದಿರು ಕಣ್ಣು ಕಿರಿದು ಮಾಡಿ ಓದುತ್ತಾರೆ. ಲೈಸೆನ್ಸಿಗೆ ಸರ್ಟಿಫಿಕೇಟ್ ಬೇಕಾದ ಡ್ರೈವರ್‌ಗಳು ಬೆರಳ ಸಂದಿಯಿಂದ ಇಣುಕುತ್ತಾರೆ. ಅದಕ್ಕೇ ಈಗ ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಕಪ್ಪು ಪ್ಲಾಸ್ಟಿಕ್ಕಿನ ಆಕ್ಲೂಡರ್ ಕೊಡುತ್ತೇನೆ. ಮಕ್ಕಳು ಅದಕ್ಕೆ ಸೌಟು ಅನ್ನುತ್ತಾರೆ.

“ಇದು ಚೆನ್ನಾಗಿದೆಯಾ, ಅದಾ ಅಂತೀರಲ್ಲ, ನಾನು ತಪ್ಪು ಹೇಳಿದ್ರೆ ತಪ್ಪು ಕನ್ನಡಕ ಕೊಡ್ತೀರಾ?” ಇದು ದಿನಕ್ಕೆ ನಾಲ್ಕು ಸಲವಾದರೂ ಬರುವ ಪ್ರಶ್ನೆ. ಇಲ್ಲ. ಕಂಪ್ಯೂಟರ್ ಮೊದಲೇ ಒಂದು ಅಂದಾಜು ಕೊಟ್ಟಿರುತ್ತದೆ. ಅದೇ ಲೆನ್ಸನ್ನು ನಾನು ಹಿಂದೆಮುಂದೆ ಮಾಡಿ ಮತ್ತೆ ತೋರಿಸುತ್ತೇನೆ. ಉತ್ತರ ತಾಳೆಯಾಗದಿದ್ದರೆ ಗೊತ್ತಾಗುತ್ತದೆ. “ಎರಡೂ ಒಂದೇ ಥರ ಇದೆ” ಅನ್ನಲು ಜನ ಹಿಂಜರಿಯುತ್ತಾರೆ. ನನಗೆ ಬೇಕಾದ ಉತ್ತರ ಎಷ್ಟೋ ಸಲ ಅದೇ! ಸರಿಯಾದ ನಂಬರ್ ಹತ್ತಿರ ಬಂದಾಗಲೇ ಎರಡೂ ಒಂದೇ ಥರ ಕಾಣುವುದು.

ಮುಂದಿನ ಪ್ರಶ್ನೆ: “6/6 ಅಂದ್ರೆ ನೂರಕ್ಕೆ ನೂರಾ?” ಅಂಕ ಅಲ್ಲ ಅದು, ದೂರ. ಸ್ನೆಲೆನ್ ಅನ್ನುವ ಡಚ್ ವೈದ್ಯರು 1862ರಲ್ಲಿ ಮಾಡಿದ ಚಾರ್ಟು. ಸಾಮಾನ್ಯ ಕಣ್ಣು 18 ಮೀಟರಿನಿಂದ ಓದುವ ಅಕ್ಷರಕ್ಕೆ ನೀವು 6 ಮೀಟರಿಗೆ ಬರಬೇಕಾದರೆ ನಿಮ್ಮದು 6/18. ಪರೀಕ್ಷೆಗೆ ಬೇಕಾದ 6 ಮೀಟರಿನಷ್ಟು ನಮ್ಮ ಕೋಣೆ ಉದ್ದ ಇಲ್ಲ. ಹಾಗಾಗಿ ಚಾರ್ಟನ್ನು ಕನ್ನಡಿಯಲ್ಲಿ ತೋರಿಸುತ್ತೇವೆ, ದೂರ ಎರಡರಷ್ಟಾಗುತ್ತದೆ.

ಈ 6/6 ಬಂದವರ ಬಗ್ಗೆಯೇ ನನಗೆ ಭಯ ಜಾಸ್ತಿ. ಪಾಸಾಯ್ತಲ್ಲ ಅಂತ ಎದ್ದೇಬಿಡುತ್ತಾರೆ. ಗ್ಲಾಕೋಮಾ ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ. ಅದರಲ್ಲಿ ನೋಟ ಸಾಮಾನ್ಯವಾಗಿ ಅಂಚಿನಿಂದ ಹೋಗುತ್ತದೆ, ನಡುವಿನದು ಕೊನೆಯವರೆಗೂ ಚೆನ್ನಾಗಿರಬಹುದು. ಹೆಚ್ಚಿನವರಿಗೆ ನೋವೂ ಇರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಹಾಳಾಗತೊಡಗಿದಾಗಲೂ ಅಕ್ಷರ ಸರಿಯಾಗೇ ಕಾಣಬಹುದು. ಶುಗರ್ ಇದೆ ಅಂತ ಗೊತ್ತಾದ ದೊಡ್ಡವರು ಆಗಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ನೋಡಿಸಿಕೊಳ್ಳಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ಗ್ಲಾಕೋಮಾ ಇದ್ದರೆ ಮೊದಲೇ ಹೇಳಿಬಿಡಿ.

ಡ್ರಾಪ್ಸ್ ವಿಷಯದಲ್ಲಿ ತಪ್ಪು ಮಾಡಿದ್ದು ನಾನೇ. ಕೆಲಸಕ್ಕೆ ಸೇರಿದ ಹೊಸತು. ಅಡಿಕೆ ತೋಟದವರೊಬ್ಬರು ಬೈಕಿನಲ್ಲಿ ಬಂದಿದ್ದರು. ಏನೂ ಹೇಳದೆ ಎರಡೂ ಕಣ್ಣಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಪಾಪೆ ಅಗಲವಾಯಿತು, ಡಾಕ್ಟರು ಒಳಗೆಲ್ಲ ನೋಡಿದರು. ಸಂದಿಯಲ್ಲಿ ಇಣುಕುವುದಕ್ಕೂ ಬಾಗಿಲು ತೆಗೆದು ನೋಡುವುದಕ್ಕೂ ಇರುವಷ್ಟೇ ವ್ಯತ್ಯಾಸ ಅದು. ಆದರೆ ಆಮೇಲೆ ನಾಲ್ಕಾರು ಗಂಟೆ ಬೆಳಕು ಚುಚ್ಚುತ್ತದೆ, ಹತ್ತಿರದ್ದು ಮಸುಕು. ಆ ಯಜಮಾನರು ಮಧ್ಯಾಹ್ನದ ಬಿಸಿಲಲ್ಲಿ ಹೊರಡಲಾಗದೆ, ತಲೆಗೆ ಟವೆಲ್ ಹಾಕಿಕೊಂಡು ಸಂಜೆವರೆಗೂ ಮರದ ಕೆಳಗೆ ಕೂತಿದ್ದರು. “ಮೊದಲೇ ಹೇಳಿದ್ರೆ ಮಗನ್ನ ಕರ್ಕೊಂಡು ಬರ್ತಿದ್ದೆ ಕಣಮ್ಮ” ಅಂದರು, ಅಷ್ಟೇ. ಈಗ ಫೋನಿನಲ್ಲೇ ಹೇಳುತ್ತೇವೆ: ಗಾಡಿ ಓಡಿಸಲು ಜೊತೆಗೆ ಒಬ್ಬರು ಬೇಕು, ಹಳೇ ಕನ್ನಡಕ ತನ್ನಿ, ಹಾಕಿಕೊಳ್ಳುತ್ತಿರುವ ಔಷಧಿಯ ಚೀಟಿಯನ್ನೂ ತನ್ನಿ.

ಇನ್ನೊಬ್ಬ ಅಜ್ಜ ಬಹಳ ಖುಷಿಯಲ್ಲಿ ಬಂದಿದ್ದರು. “ಚಾಳೀಸು ಬಿಟ್ಟೇಬಿಟ್ಟೆ, ಪೇಪರ್ ಈಗ ಬರಿಗಣ್ಣಲ್ಲೇ ಓದ್ತೀನಿ. ಕಣ್ಣಿಗೆ ಯೌವನ ಬಂತಾ?” ಬಂದಿದ್ದು ಪೊರೆ. ಕಣ್ಣೊಳಗಿನ ಮಸೂರದ ನಡುಭಾಗ ಗಟ್ಟಿಯಾದಾಗ ಸ್ವಲ್ಪ ದಿನ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಹೇಳಲು ನನಗೇ ಬೇಜಾರಾಯಿತು. “ಹಾಗಾದ್ರೆ ಹಣ್ಣಾಗ್ಲಿ, ಆಮೇಲೆ ತೆಗೆಸೋಣ” ಅಂದರು. ಅವರ ಅಪ್ಪ ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡವರು. ಆ ಕಾಲದಲ್ಲಿ ಮಸೂರ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಪೂರ್ತಿ ಮಂಜಾಗುವವರೆಗೆ ಕಾಯುವುದರಲ್ಲಿ ಅರ್ಥ ಇತ್ತು. ಈಗ ಒಳಗೇ ಲೆನ್ಸ್ ಕೂರಿಸುತ್ತಾರೆ. ಜಾಸ್ತಿ ಹಣ್ಣಾದಷ್ಟೂ ಪೊರೆ ಗಟ್ಟಿಯಾಗಿ ಡಾಕ್ಟರಿಗೇ ಕಷ್ಟ. ದಿನದ ಕೆಲಸಕ್ಕೆ ತೊಂದರೆ ಶುರುವಾದರೆ ಸಾಕು.

ಕಣ್ಣಿಗೆ ಹರಳೆಣ್ಣೆ, ಎದೆಹಾಲು, ನಂದಿಬಟ್ಟಲ ರಸ ಹಾಕಬಹುದಾ? ಬೇಡ. ಕಣ್ಣು ಕೆಂಪಾಗಿದೆ ಅಂತ ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್? ಅದಂತೂ ಬೇಡವೇ ಬೇಡ. ಅದರಲ್ಲಿ ಸ್ಟಿರಾಯ್ಡ್ ಇರಬಹುದು. ಭತ್ತದ ಹೊಟ್ಟು ತಾಗಿ ಗಾಯವಾದ ಕಣ್ಣಿಗೆ ಸ್ಟಿರಾಯ್ಡ್ ಬಿದ್ದರೆ ಶಿಲೀಂಧ್ರದ ಸೋಂಕು ಇನ್ನೂ ಜೋರಾಗಬಹುದು.

ಚಾರ್ಟ್ ಬಾಯಿಪಾಠ ಮಾಡಿದ ಆ ಹುಡುಗನದು ಸೋಮಾರಿ ಕಣ್ಣು, ಅಂದರೆ ಮಿದುಳು ಒಂದು ಕಣ್ಣನ್ನು ಸರಿಯಾಗಿ ಬಳಸುವುದನ್ನೇ ಕಲಿತಿರುವುದಿಲ್ಲ. ಬಲಗಣ್ಣು ಚೆನ್ನಾಗಿದ್ದದ್ದರಿಂದ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. “ಕನ್ನಡಕ ಹಾಕಿದ್ರೆ ನಂಬರ್ ಏರುತ್ತಂತಲ್ಲಾ?” ಅಂತ ಅವನಮ್ಮ ಅತ್ತೇಬಿಟ್ಟರು. ಅಂಗಿ ಹಾಕಿದ್ದಕ್ಕೆ ಹುಡುಗ ಉದ್ದ ಆಗ್ತಾನಾ ಅಂದೆ. ಬೆಳೆಯುವ ಕಣ್ಣಿನ ನಂಬರ್ ಬದಲಾಗುತ್ತದೆ, ಕನ್ನಡಕ ಹಾಕಿದರೂ ಬಿಟ್ಟರೂ. ಇವನಿಗಂತೂ ಕನ್ನಡಕವೇ ಚಿಕಿತ್ಸೆಯ ಮೊದಲ ಮೆಟ್ಟಿಲು. ಡಾಕ್ಟರು ಕನ್ನಡಕದ ಜೊತೆಗೆ, ಎಡಗಣ್ಣು ಕೆಲಸ ಮಾಡಲಿ ಅಂತ ದಿನಾ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ ಹಾಕಲು ಹೇಳಿದರು.

ಹೋದ ಸಲ ಬಂದಾಗ ಎಡಗಣ್ಣಲ್ಲಿ ಐದನೇ ಸಾಲು ಓದಿದ, 6/12. ಅವನು ಬರುವ ದಿನ ಮಾತ್ರ ಬಾಗಿಲು ಪೂರ್ತಿ ಹಾಕಿರುತ್ತೇನೆ.