ಪೂಜೆ ಆಗುವವರೆಗೆ ತುತ್ತು ಮುಟ್ಟುತ್ತಿರಲಿಲ್ಲ

ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕಬಾರದು ಅಂತ ಅವ್ವ ಕಲಿಸಿದ್ದಳು. ನನಗೀಗ 71. ಯಜಮಾನರು ಹೋದ ಮೇಲೆ ಪೂಜೆಯ ಹೊತ್ತು ತಾನಾಗೇ ಬೆಳೆಯಿತು. ಇನ್ನೊಬ್ಬರಿಗೆ ಚಹಾ ಮಾಡುವ ಅವಸರವಿಲ್ಲ. ಎಡ ಅಂಗೈಯಲ್ಲಿ ಲಿಂಗ ಹಿಡಿದು ಒಂದೂವರೆ ಗಂಟೆ ಕೂರುತ್ತಿದ್ದೆ. ಆ ಮೊದಲ ವರ್ಷವನ್ನು ನಾನು ದಾಟಿದ್ದು ಅದರಿಂದಲೇ.

ಒಂದು ದಿನ ಅಂಗೈ ನಡುಗತೊಡಗಿತು. ಮೈಯೆಲ್ಲ ಬೆವರು, ಕಣ್ಣು ಮಂಜು. ಪಕ್ಕದ ಮನೆಯ ಹುಡುಗಿ ಮೀಟರ್ ಹಚ್ಚಿದಾಗ ಸಕ್ಕರೆ 58 ಇತ್ತು. 70ಕ್ಕಿಂತ ಕೆಳಗೆ ಇಳಿದರೇ ಅಪಾಯ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದಳು.

ತಪ್ಪು ಎಲ್ಲಿ ಆಯ್ತು ಅಂತ ಡಾಕ್ಟರ್ ಬಿಡಿಸಿ ಹೇಳಿದರು. ನನ್ನ ಸಕ್ಕರೆ ಕಾಯಿಲೆಯ ಮಾತ್ರೆ ಗ್ಲಿಮೆಪಿರೈಡ್. ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ, ಅದು ಸಕ್ಕರೆ ಇಳಿಸುವ ಇನ್ಸುಲಿನ್ ಸುರಿಸುತ್ತದೆ. ತಿಂಡಿಯ ಜೊತೆಗೇ ತಗೋಬೇಕು. ಮರೆಯಬಾರದು ಅಂತ ನಾನು ಎದ್ದ ಕೂಡಲೇ ನುಂಗಿ, ಆಮೇಲೆ ಸ್ನಾನ, ಪೂಜೆ ಅಂತ ಎರಡು ಗಂಟೆ ಉಪವಾಸ ಇರುತ್ತಿದ್ದೆ. ನನ್ನ ವಯಸ್ಸಿನವರು ಎಷ್ಟೋ ಜನ ಹೀಗೇ ಮಾಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅವ್ವನ ಮಾತು ಮುರಿಯಲು ಮನಸ್ಸು ಬರಲಿಲ್ಲ. ಪೂಜೆಯನ್ನೇ ಎರಡು ಮಾಡಿದೆ. ಬೆಳಿಗ್ಗೆ ವಿಭೂತಿ, ಪತ್ರೆ, ಹತ್ತು ನಿಮಿಷ. ಕೂಡಲೇ ತಿಂಡಿ, ಮಾತ್ರೆ. ದೀರ್ಘ ಪೂಜೆ ಸಂಜೆಗೆ. ಮಂಡಿ ಮಡಚಲು ಆಗಲ್ಲ, ಕುರ್ಚಿಯಲ್ಲೇ ಕೂರುತ್ತೇನೆ. ಮೊಣಕೈ ಕೆಳಗೆ ದಿಂಬು. ಅದಿಲ್ಲದಿದ್ದರೆ ಹೆಗಲು ಸೋತು, ಗಮನವೆಲ್ಲ ನೋವಿನ ಕಡೆ ಹೋಗುತ್ತದೆ.

ಜಪವನ್ನೂ ನಿಧಾನ ಮಾಡಿದೆ. ಮೆಲ್ಲಗೆ ಉಸಿರು ಎಳೆದು, ಬಿಡುವಾಗ ‘ಓಂ ನಮಃ ಶಿವಾಯ’. ನಿಮಿಷಕ್ಕೆ ಆರು ಸಲ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಇಟಲಿಯ ಡಾಕ್ಟರ್‌ಗಳು 23 ಜನರನ್ನು ಪರೀಕ್ಷಿಸಿದ್ದರು. ಕ್ರೈಸ್ತರ ಜಪಮಾಲೆಯಾಗಲಿ, ಬೌದ್ಧರ ‘ಓಂ ಮಣಿ ಪದ್ಮೇ ಹುಂ’ ಆಗಲಿ, ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತಂತೆ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ನರಗಳು ಚುರುಕಾದವಂತೆ. ಓದಿ ಖುಷಿಯಾಯ್ತು. ಆದರೂ ಬಿಪಿ ಮಾತ್ರೆ ಒಂದು ದಿನವೂ ಬಿಟ್ಟಿಲ್ಲ. ನನಗೆ ಕಣ್ಣಿಗೆ ಕಂಡ ಲಾಭ ಬೇರೆ. ರಾತ್ರಿ ಎರಡಕ್ಕೆ ಎದ್ದು ಕೂರುತ್ತಿದ್ದವಳು ಈಗ ನಾಲ್ಕೂವರೆವರೆಗೆ ಮಲಗುತ್ತೇನೆ.

ಶಿವರಾತ್ರಿಗೆ ಹದಿನೈದು ದಿನ ಮೊದಲೇ ಡಾಕ್ಟರ್ ಹತ್ತಿರ ಹೋಗಿ, ಆ ದಿನದ ಮಾತ್ರೆ ಹೇಗೆ ಅಂತ ಬರೆಸಿಕೊಂಡು ಬಂದೆ. ಆ ಚೀಟಿ ಈಗಲೂ ವಿಭೂತಿ ಗಟ್ಟಿಯ ಪಕ್ಕದಲ್ಲೇ ಇದೆ.