ಅಕ್ವೇರಿಯಂ ಕಂಟ್ರೋಲರ್ ತಪ್ಪು ಉಷ್ಣಾಂಶ ತೋರಿಸುತ್ತಿದೆಯೇ? ಮೊದಲು ನೀರನ್ನೇ ಕೇಳಿ

ಒಂದು ಬೆಳಿಗ್ಗೆ ನನ್ನ ಮೀನಿನ ತೊಟ್ಟಿಯ ಕಂಟ್ರೋಲರ್ (ನೀರಿನ ಬಿಸಿ ನೋಡಿ ಹೀಟರನ್ನು ಹೊತ್ತಿಸಿ ಆರಿಸುವ ಸಾಧನ) 22.4 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಹೀಟರ್ ದೀಪ ಉರಿಯುತ್ತಲೇ ಇತ್ತು. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಕಳೆಯುತ್ತಿದ್ದವು. ಗಾಜಿಗೆ ಅಂಗೈ ಒತ್ತಿದರೆ ಒಳಗಿನ ನೀರು ಕಾದಿರುವುದು ತಿಳಿಯುತ್ತಿತ್ತು. ನೀರು ಆವಿಯಾಗಿ ಮಟ್ಟ ಎರಡು ಬೆರಳಿನಷ್ಟು ಇಳಿದಿತ್ತು. ನೀರಿನಲ್ಲಿ ಮುಳುಗಿ ಉಷ್ಣಾಂಶ ಅಳೆಯಬೇಕಾದ ಪ್ರೋಬಿನ ತುದಿ ಹೊರಗೆ ನಿಂತು ಕೋಣೆಯ ಗಾಳಿಯನ್ನು ಅಳೆಯುತ್ತಿತ್ತು. ಕಂಟ್ರೋಲರ್ ಕೆಟ್ಟಿರಲಿಲ್ಲ, ಹೊಸದನ್ನು ಕೊಳ್ಳುವ ಅಗತ್ಯವೂ ಇರಲಿಲ್ಲ. ಪರದೆಯ ಅಂಕಿ ತಪ್ಪಿದಾಗ ಹೆಚ್ಚಿನ ಸಲ ದೋಷ ಇರುವುದು ಪ್ರೋಬಿನಲ್ಲಿ, ಅದರ ತಂತಿಯಲ್ಲಿ ಅಥವಾ ಅದನ್ನು ಇಟ್ಟ ಜಾಗದಲ್ಲಿ. ಆದ್ದರಿಂದ ಸೆಟ್ಟಿಂಗ್ ಬದಲಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲ ಕೆಲಸ: ಹೀಟರ್ ಬಂದ್

ಹೀಟರ್ ಪ್ಲಗ್ ತೆಗೆಯಿರಿ. ಫಿಲ್ಟರ್ ಓಡುತ್ತಿರಲಿ. ಅಂಕಿ ನಿಜಕ್ಕಿಂತ ಕಡಿಮೆ ಬಂದರೆ ಹೀಟರ್ ನಿಲ್ಲುವುದೇ ಇಲ್ಲ, ಕೆಲವೇ ಗಂಟೆಗಳಲ್ಲಿ ಮೀನುಗಳ ಜೀವಕ್ಕೆ ಬರುತ್ತದೆ. ಅಂಕಿ ಹೆಚ್ಚು ಬಂದರೆ ನೀರು ನಿಧಾನವಾಗಿ ತಣಿಯುತ್ತದೆ, ನಮಗೆ ಸ್ವಲ್ಪ ಸಮಯ ಸಿಗುತ್ತದೆ. ನೀರು ಈಗಾಗಲೇ ಕಾದಿದ್ದರೆ ಒಮ್ಮೆಲೇ ತಣ್ಣೀರು ಸುರಿಯಬೇಡಿ. ಮುಚ್ಚಳ ತೆರೆದು, ಗಾಳಿಯ ಪಂಪ್ ಹಾಕಿ, ತಾನಾಗಿ ಇಳಿಯಲು ಬಿಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಆ ಗುಳ್ಳೆಗಳೇ ಮೀನುಗಳಿಗೆ ಆಸರೆ.

ಎರಡನೆಯ ಸಾಕ್ಷಿ

ಈಗ ಬೇರೊಂದು ಥರ್ಮಾಮೀಟರನ್ನು ಪ್ರೋಬಿನ ಪಕ್ಕದಲ್ಲೇ ಇಳಿಬಿಟ್ಟು ಐದು ನಿಮಿಷ ಕಾಯಿರಿ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಾರದು; ಅದರ ಅಳತೆ ಸಾಮಾನ್ಯವಾಗಿ ಆರಂಭವಾಗುವುದೇ 30 ಡಿಗ್ರಿ ದಾಟಿದ ಮೇಲೆ. ಗಾಜಿಗೆ ಅಂಟಿಸುವ ಬಣ್ಣದ ಪಟ್ಟಿಯನ್ನೂ ನಾನು ನೆಚ್ಚುವುದಿಲ್ಲ, ಹೊರಗಿನ ಗಾಳಿ ಅದನ್ನು ಎಳೆದಾಡುತ್ತದೆ.

ಎರಡೂ ಅಂಕಿಗಳು ಅರ್ಧ ಡಿಗ್ರಿಯೊಳಗೆ ಹೊಂದಿಕೊಂಡರೆ ಪ್ರೋಬ್ ಸರಿಯಾಗಿಯೇ ಇದೆ, ನೀರೇ ಕಾದಿದೆ ಅಥವಾ ತಣಿದಿದೆ ಎಂದರ್ಥ. ಆಗ ನೋಡಬೇಕಾದದ್ದು ರಿಲೇಯನ್ನು, ಅಂದರೆ ಕಂಟ್ರೋಲರಿನೊಳಗೆ ಹೀಟರಿನ ವಿದ್ಯುತ್ತನ್ನು ಹಾಕಿ ತೆಗೆಯುವ ಸ್ವಿಚ್ಚನ್ನು. ಅದರ ಸಂಪರ್ಕ ಬಿಂದುಗಳು ಕಾದು ಅಂಟಿಕೊಂಡರೆ ಕಂಟ್ರೋಲರ್ ‘ಬಂದ್’ ಎಂದರೂ ಹೀಟರಿಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಪರದೆಯಲ್ಲಿ 78 ಅಥವಾ 79 ಕಂಡು ಗಾಬರಿಯಾದವರು ಅಳತೆ ಫ್ಯಾರನ್‌ಹೀಟಿಗೆ ಬದಲಾಗಿದೆಯೇ ಎಂದು ನೋಡಿ. 26 ಡಿಗ್ರಿ ಸೆಲ್ಸಿಯಸ್ ಎಂದರೆ 78.8 ಫ್ಯಾರನ್‌ಹೀಟ್.

ಪ್ರೋಬ್ ಎಲ್ಲಿದೆ?

ಅಂಕಿಗಳು ಹೊಂದದಿದ್ದರೆ ಪ್ರೋಬಿನ ಜಾಗ ನೋಡಿ. ಹೀಟರ್ ಪಕ್ಕದಲ್ಲಿದ್ದರೆ ಹೆಚ್ಚು ತೋರಿಸುತ್ತದೆ. ಕಲ್ಲಿನ ಹಿಂದೆ, ಜಲ್ಲಿಯಲ್ಲಿ ಹೂತು, ನೀರು ಆಡದ ಮೂಲೆಯಲ್ಲಿದ್ದರೆ ಆ ಮೂಲೆಯ ಉಷ್ಣಾಂಶವನ್ನಷ್ಟೇ ಹೇಳುತ್ತದೆ. ಹೀಟರಿನಿಂದ ದೂರ, ನೀರು ಹರಿಯುವ ಕಡೆ, ಮಟ್ಟ ಎಷ್ಟೇ ಇಳಿದರೂ ಮುಳುಗಿರುವಷ್ಟು ಕೆಳಗೆ ಕಟ್ಟಿ. ಪ್ರೋಬನ್ನು ಗಾಜಿಗೆ ಹಿಡಿಸುವ ರಬ್ಬರ್ ಬಿಲ್ಲೆ ಒಂದು ದಿನ ಕಳಚಿಕೊಳ್ಳುತ್ತದೆ. ತಂತಿಯನ್ನು ತೊಟ್ಟಿಯ ಅಂಚಿಗೂ ಕ್ಲಿಪ್ ಹಾಕಿ ಹಿಡಿಸಿ.

ಮಂಜುಗಡ್ಡೆಯ ಪರೀಕ್ಷೆ

ನನಗೆ ಅತ್ಯಂತ ಇಷ್ಟವಾದ ಹಂತ ಇದು. ಪುಡಿ ಮಾಡಿದ ಮಂಜುಗಡ್ಡೆಯನ್ನು ಲೋಟದ ತುಂಬ ಹಾಕಿ, ಸಂದುಗಳು ತುಂಬುವಷ್ಟೇ ಶುದ್ಧ ನೀರು ಸುರಿದು ಕಲಕಿ. ಗಡ್ಡೆ ತೇಲಾಡುವಷ್ಟು ನೀರಾದರೆ ಹೆಚ್ಚಾಯಿತು, ಸ್ವಲ್ಪ ಬಸಿಯಿರಿ. ಸಮುದ್ರದ ನೀರಿನ ತೊಟ್ಟಿಯಾದರೆ ಪ್ರೋಬನ್ನು ಮೊದಲು ತೊಳೆಯಿರಿ. ಉಪ್ಪು ಬೆರೆತರೆ ಮಿಶ್ರಣ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. ಪ್ರೋಬನ್ನು ಲೋಟದ ನಡುವೆ, ತಳಕ್ಕೂ ಬದಿಗೂ ತಾಗದಂತೆ ಹಿಡಿದು, ಆಗಾಗ ಕಲಕುತ್ತಾ ಅಂಕಿ ನಿಲ್ಲುವವರೆಗೆ ಕಾಯಿರಿ. 0 ಬರಬೇಕು. ಈ ಹೊತ್ತಿನಲ್ಲಿ ಹೀಟರ್ ಪ್ಲಗ್ ಹೊರಗೇ ಇರಲಿ. ಇಲ್ಲದಿದ್ದರೆ ತೊಟ್ಟಿ ಹೆಪ್ಪುಗಟ್ಟುತ್ತಿದೆ ಎಂದುಕೊಂಡು ಕಂಟ್ರೋಲರ್ ಹೀಟರನ್ನು ಉರಿಸುತ್ತಲೇ ಇರುತ್ತದೆ.

ಮಂಜುಗಡ್ಡೆಯಲ್ಲಿ 1.2, ತೊಟ್ಟಿಯಲ್ಲೂ ನಿಜಕ್ಕಿಂತ 1.2 ಹೆಚ್ಚು ಬಂದರೆ ಕಂಟ್ರೋಲರಿನಲ್ಲಿ ಪ್ರೋಬಿನ ಅಂಕಿ ತಿದ್ದುವ ಸೆಟ್ಟಿಂಗಿನಲ್ಲಿ (ಕ್ಯಾಲಿಬ್ರೇಷನ್) ಅಷ್ಟು ಕಳೆದರೆ ಮುಗಿಯಿತು. ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಎಂದಾದರೆ, ಅಥವಾ ದಿನಕ್ಕೊಂದು ಅಂಕಿ ಬಂದರೆ, ತಿದ್ದಲು ಹೋಗಬೇಡಿ. ಪ್ರೋಬ್ ಬದಲಿಸಿ.

ಮಲ್ಟಿಮೀಟರ್ ಇದ್ದವರಿಗೆ

ಬಹಳಷ್ಟು ಪ್ರೋಬುಗಳ ತುದಿಯಲ್ಲಿರುವುದು 10 ಕಿಲೋ ಓಮ್ ಥರ್ಮಿಸ್ಟರ್, ಅಂದರೆ ಬಿಸಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಪುಟ್ಟ ಬಿಡಿಭಾಗ. ನಿಮ್ಮದು ಅದೇ ಎಂದು ಕೈಪಿಡಿಯಲ್ಲಿ ಖಚಿತಪಡಿಸಿಕೊಂಡು, ಕಂಟ್ರೋಲರಿನಿಂದ ಬಿಚ್ಚಿ ಅಳೆಯಿರಿ. 25 ಡಿಗ್ರಿಯಲ್ಲಿ 10,000 ಓಮ್, 20ರಲ್ಲಿ ಸುಮಾರು 12,000, 30ರಲ್ಲಿ 8,000ದ ಆಸುಪಾಸು. ಬಿಸಿ ಏರಿದಂತೆ ರೋಧ ಇಳಿಯುತ್ತದೆ. ಡಿಗ್ರಿಗೆ ಸುಮಾರು 400 ಓಮ್. ಇಷ್ಟು ತಿಳಿದರೆ ದೋಷದ ಗುಣವೂ ಅರ್ಥವಾಗುತ್ತದೆ. ಪ್ರೋಬಿನೊಳಗೆ ನೀರು ಸೇರಿದರೆ ವಿದ್ಯುತ್ತಿಗೆ ಅಡ್ಡದಾರಿ ಸಿಕ್ಕಿ ರೋಧ ಇಳಿಯುತ್ತದೆ, ಅಂಕಿ ಏರುತ್ತದೆ, ತೊಟ್ಟಿ ತಣ್ಣಗಾಗುತ್ತದೆ. ಪಿನ್ನಿಗೆ ಕಿಲುಬು ಹಿಡಿದರೆ ರೋಧ ಹೆಚ್ಚಿ ಅಂಕಿ ಇಳಿಯುತ್ತದೆ, ತೊಟ್ಟಿ ಕಾಯುತ್ತದೆ. ಹಸಿರು ಅಥವಾ ಬಿಳಿ ಪುಡಿ ಕಂಡ ಪಿನ್ನನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ, ಮತ್ತೆ ಅಳೆಯಿರಿ. ತಂತಿಯನ್ನು ಬುಡದಲ್ಲಿ ಮೆಲ್ಲಗೆ ಬಾಗಿಸಿದಾಗ ಅಂಕಿ ಕುಣಿದರೆ ಒಳಗೆ ತಂತಿ ತುಂಡಾಗಿದೆ.

ಮನೆಯಲ್ಲೇ ಜೋಡಿಸಿದ ಕಂಟ್ರೋಲರುಗಳಲ್ಲಿ ಹೆಚ್ಚಾಗಿ ಡಿಎಸ್18ಬಿ20 ಎಂಬ ಡಿಜಿಟಲ್ ಸೆನ್ಸರ್ ಇರುತ್ತದೆ. ಅದಕ್ಕೆ ಓಮ್ ಲೆಕ್ಕ ಹೊಂದದು. ಅದು ಇದ್ದಕ್ಕಿದ್ದಂತೆ 85 ತೋರಿಸಿದರೆ ಆಗಷ್ಟೇ ವಿದ್ಯುತ್ ಪಡೆದು ಇನ್ನೂ ಅಳೆದಿಲ್ಲ ಎಂದರ್ಥ. ಅದಕ್ಕೆ ಹೋಗುವ ವಿದ್ಯುತ್ತಿನ ತಂತಿ ಸಡಿಲವೇ ನೋಡಿ.

ಹೀಟರ್ ಹೊತ್ತಿದಾಗಲೇ ಅಂಕಿ ಜಿಗಿಯುತ್ತಿದ್ದರೆ

ಪಂಪ್, ದೀಪ, ಹೀಟರ್ ಇವುಗಳನ್ನು ಒಂದೊಂದಾಗಿ ಬಂದ್ ಮಾಡುತ್ತಾ ಪರದೆ ನೋಡಿ. ಯಾವುದನ್ನು ತೆಗೆದಾಗ ಅಂಕಿ ಸ್ಥಿರವಾಯಿತೋ ಅದರ ತಂತಿಯನ್ನೂ ಪ್ರೋಬಿನ ತಂತಿಯನ್ನೂ ಜೊತೆಗೆ ಸುತ್ತಿದ್ದೀರಾ? ಬೇರೆ ಮಾಡಿ. ಆದರೂ ಜಿಗಿತ ನಿಲ್ಲದಿದ್ದರೆ ಆ ಸಾಧನದಿಂದ ನೀರಿಗೆ ವಿದ್ಯುತ್ ಸೋರುತ್ತಿರಬಹುದು. ಅದನ್ನು ಮತ್ತೆ ಹಾಕಬೇಡಿ, ಎಲ್ಲ ಪ್ಲಗ್ ತೆಗೆಯದೆ ತೊಟ್ಟಿಗೆ ಕೈ ಹಾಕಲೂ ಬೇಡಿ.

ಎಲ್ಲ ಸರಿಯಾದ ಮೇಲೂ ಒಂದು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಕಂಟ್ರೋಲರಿನ ಮತ್ತು ಥರ್ಮಾಮೀಟರಿನ ಎರಡೂ ಅಂಕಿಗಳನ್ನು ಬರೆದಿಡಿ. ಹೀಟರಿಗೆ ತನ್ನದೇ ಥರ್ಮೋಸ್ಟಾಟ್ ಇದ್ದರೆ ಅದನ್ನು ಕಂಟ್ರೋಲರಿನ ಮಿತಿಗಿಂತ ಒಂದು ಡಿಗ್ರಿ ಮೇಲೆ ನಿಲ್ಲಿಸಿ. ನಾನು ಆ ಬೆಳಿಗ್ಗೆಯ ನಂತರ 26ಕ್ಕೆ ಕಂಟ್ರೋಲರ್, 27ಕ್ಕೆ ಹೀಟರ್ ಇಟ್ಟಿದ್ದೇನೆ. ಪ್ರೋಬ್ ಮತ್ತೊಮ್ಮೆ ಗಾಳಿಗೆ ಬಂದರೂ ನೀರಿನ ಬಿಸಿ 27ಕ್ಕೇ ನಿಲ್ಲುತ್ತದೆ.